ಟೀಚರಮ್ಮ ಒಪ್ಪಿರಲಿಲ್ಲ

ಡಿಸೆಂಬರ್ ಬಂತೆಂದರೆ ನಮ್ಮ ಟೀಚರಮ್ಮನ ಬಲಗೈ ಬೆರಳ ಸಂದಿಗಳು ಸುಣ್ಣಕ್ಕೆ ಸುಟ್ಟು, ಕೆಂಪಗಾಗಿ, ಬಿರುಕು ಬಿಟ್ಟಿರುತ್ತಿದ್ದವು. ಆ ಕೈಯಲ್ಲೇ ಚಾಕ್‌ಪೀಸ್ ಹಿಡಿದು ಬೋರ್ಡಿನ ಮೇಲೆ ಬರೆಯುವರು, ಲೆಕ್ಕ ತಪ್ಪಿದರೆ ಆ ಕೈಯಲ್ಲೇ ಬೆನ್ನಿಗೊಂದು ಗುದ್ದುವರು. ಗುದ್ದು ತಿಂದವರಿಗಿಂತ ಅವರ ಮುಖವೇ ಹೆಚ್ಚು ಕಿವುಚಿಕೊಳ್ಳುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಎಂದು ಯಾರಾದರೂ ಅಂದರೆ, "ಹಬ್ಬ ಮುಗೀಲಿ, ಆಮೇಲೆ ನೋಡನ" ಎನ್ನುವರು.

ಹಬ್ಬವೆಂದರೆ ಕ್ರಿಸ್‌ಮಸ್. ನಂಜನಗೂಡಿನ ರೈಲ್ವೆ ಸ್ಟೇಷನ್ನಿನ ಹಿಂದೆ, ಬೇವಿನ ಮರಗಳ ನಡುವೆ, ಒಂದು ಪುಟ್ಟ ಚರ್ಚಿತ್ತು. ಊರಿಗೆ ರೈಲು ಬಂದ ಕಾಲದ್ದು. ಮೊಳದಗಲ ಗೋಡೆ, ಹೆಂಚಿನ ಮಾಡು, ಮುಂದುಗಡೆ ಗಂಟೆಯ ಕಮಾನು. ಅದಕ್ಕೆ ಸುಣ್ಣ ಹೊಡೆಯುವುದಕ್ಕೆ ಕೂಲಿಯವರನ್ನು ಕರೆಯುತ್ತಿರಲಿಲ್ಲ. ಚರ್ಚು ಬೀದಿಯ ಒಂದೊಂದು ಮನೆಗೂ ಗೋಡೆಯಲ್ಲಿ ಒಂದೊಂದು ಪಾಲು. ಈ ಕಿಟಕಿಯಿಂದ ಆ ಕಿಟಕಿಯವರೆಗೆ ಇಂಥವರದು, ಬಾಗಿಲ ಎಡಗಡೆ ಇಂಥವರದು ಎಂದು ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಹಬ್ಬಕ್ಕೆ ಮುಂಚೆ ಎಲ್ಲರೂ ಅವರವರ ಮನೆಯಲ್ಲೇ ಸುಣ್ಣ ಅರಳಿಸಿ, ಅಂಟು ಬೆರೆಸಿ, ಒಂದು ಚಿಟಿಕೆ ನೀಲಿ ಹಾಕಿ, ಕತ್ತಾಳೆ ಜಜ್ಜಿ ಮಾಡಿದ ಕುಂಚದಲ್ಲಿ ತಮ್ಮ ಪಾಲಿನ ಗೋಡೆಗೆ ಬಳಿಯಬೇಕು. ಬಳಿದ ಮೇಲೆ ಪಕ್ಕದವರ ಗೋಡೆ ನೋಡಿ ಮೂಗು ಮುರಿಯುವುದು ಹೇಗೂ ಇದ್ದದ್ದೇ.

ಗಂಟೆಯ ಕಮಾನು ಟೀಚರಮ್ಮನ ಪಾಲು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಏಣಿ ಹತ್ತುವುದಕ್ಕೆ ಒಂದು ವರ್ಷ ಸ್ಕೂಲಿನಿಂದ ನನ್ನನ್ನು ಕರೆದುಕೊಂಡು ಹೋದರು. ನಮ್ಮದು ದಿನಸಿ ಅಂಗಡಿ, ಮಠಕ್ಕೆ ನಡೆದುಕೊಳ್ಳುವ ಮನೆತನ. ಅಪ್ಪಾಜಿ ಬೈಯುತ್ತಾರೇನೋ ಎಂದು ಹೆದರಿದ್ದೆ. ಅವರು ತಕ್ಕಡಿಯಿಂದ ತಲೆಯೆತ್ತದೆ, "ಸುಣ್ಣ ಒಡುದ್ರೆ ಕೊರಳಲ್ಲಿರೋ ಲಿಂಗ ಏನೂ ಬೇಜಾರ್ ಮಾಡ್ಕಳಲ್ಲ, ಓಗು. ಬಟ್ಟೆ ಮಾತ್ರ ಹಳೇದು ಆಕ್ಕೊಂಡ್ ಓಗು" ಎಂದರು. ಕಮಾನಿನ ಕೆಳಗಿನ ಬಲಗಡೆಯ ಕಂಬವನ್ನು ಟೀಚರಮ್ಮ ನನಗೇ ಬಿಟ್ಟುಕೊಟ್ಟರು. ಹಾಗೆ ಆ ಚರ್ಚಿನಲ್ಲಿ ನನಗೂ ಒಂದು ಪಾಲಾಯಿತು.

ಅವರು ಸಿಡುಕಿ. ಊರೆಲ್ಲ ಹಾಗೆಂದೇ ಹೇಳುತ್ತಿತ್ತು, ಸುಳ್ಳೇನಲ್ಲ. ಕ್ಲಾಸಿನಲ್ಲಿ ಯಾರಾದರೂ "ಜನ ಹೇಳ್ತಾರೆ ಟೀಚರ್" ಎಂದು ಶುರುಮಾಡಿದರೆ ಸಾಕು, "ಯಾವ ಜನ? ಹೆಸರು ಹೇಳು" ಎಂದು ಹಿಡಿದುಕೊಳ್ಳುವರು. ಹೆಸರು ಹೇಳಲಾಗದಿದ್ದರೆ ಕೂರಿಸುವರು. ವರ್ಷಕ್ಕೊಂದು ಸಲ ನಮ್ಮನ್ನೆಲ್ಲ ಕಪಿಲೆಯ ಹಳೇ ಸೇತುವೆಗೆ ನಡೆಸಿಕೊಂಡು ಹೋಗುವರು. ಅದು ರೈಲೂ ಎತ್ತಿನ ಗಾಡಿಯೂ ಒಂದೇ ಬೆನ್ನ ಮೇಲೆ ಓಡಾಡುತ್ತಿದ್ದ ಸೇತುವೆ. ಯಾವ ರಾಜ ಕಟ್ಟಿಸಿದ್ದು, ಯಾವ ಕಾಲದಲ್ಲಿ ಎಂದು ಹೇಳುತ್ತಾರೆಂದು ಮೊದಲ ಸಲ ನಾವು ಪೆನ್ಸಿಲ್ ಹಿಡಿದು ನಿಂತಿದ್ದರೆ, ಅವರು ಅಲ್ಲಿ ಕಲ್ಲು ಸಂದಿಗೆ ಬೇರು ಬಿಟ್ಟ ಅರಳಿ ಗಿಡ ಕೀಳುತ್ತಿದ್ದ ರೈಲ್ವೆ ಗ್ಯಾಂಗ್‌ಮನ್‌ನನ್ನು ತೋರಿಸಿ, "ಕಟ್ಟಿಸಿದೋರು ಸತ್ತು ಬಹಳ ದಿನ ಆಯ್ತು. ಉಳಿಸ್ತಿರೋರು ಇವರು. ನಮಸ್ಕಾರ ಮಾಡಿ" ಎಂದರು. ನಾವೆಲ್ಲ ಒಟ್ಟಿಗೆ ಕೈಮುಗಿದಾಗ ಆತ ನಾಚಿ, ಗಿಡವನ್ನು ಕೈಯಲ್ಲೇ ಹಿಡಿದುಕೊಂಡು ಆಚೆ ತಿರುಗಿಕೊಂಡ.

ಇಷ್ಟನ್ನು ನಗುತ್ತಾ ಬರೆಯಬಲ್ಲೆ. ಮುಂದಿನದನ್ನು ಬರೆಯಲು ಕೂತರೆ ಇವತ್ತಿಗೂ ಮೈ ಉರಿಯುತ್ತದೆ.

ತೊಂಬತ್ತರ ದಶಕದಲ್ಲಿ ಊರಾಚೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಎದ್ದವು. ಕೆಲಸಕ್ಕೆಂದು ಹಳ್ಳಿಗಳಿಂದ, ಬೇರೆ ಊರುಗಳಿಂದ ಜನ ಬಂದರು. ಅವರಲ್ಲಿ ಕ್ರೈಸ್ತರೂ ಬಹಳ ಮಂದಿ ಇದ್ದರು. ಭಾನುವಾರ ಚರ್ಚಿನೊಳಗೆ ಜಾಗ ಸಾಲದೆ ಬೇವಿನ ಮರದ ಕೆಳಗೂ ಜನ ಕೂರತೊಡಗಿದರು. ಒಂದು ವರ್ಷ ಹಬ್ಬಕ್ಕೆ ಮುಂಚೆ ಹೊಸಬರು ತಮಗೂ ಒಂದೊಂದು ಪಾಲು ಗೋಡೆ ಕೇಳಿದರು. ಅವರ ಪರವಾಗಿ ಮಾತಾಡಿದವರು ಕವಲಂದೆ ಕಡೆಯ ಒಬ್ಬ ಫಿಟ್ಟರ್. ಮೆತ್ತಗಿನ ಮನುಷ್ಯ, ಮಾತು ಮಾತ್ರ ಖಡಕ್ಕು.

ಹಳೆಯ ಮನೆಗಳವರು ಕೊಡಲಿಲ್ಲ. ಕೊಡುವುದಿಲ್ಲ ಎಂದೂ ನೇರವಾಗಿ ಹೇಳಲಿಲ್ಲ. ನಮ್ಮ ತಾತನ ಪಾಲು, ನಮ್ಮತ್ತೆಯ ಹರಕೆ, ಮುಂದಿನ ವರ್ಷ ನೋಡೋಣ ಎಂದು ಜಾರಿಕೊಂಡರು. ಟೀಚರಮ್ಮ ಮನೆಮನೆಗೂ ಹೋಗಿ ಜಗಳವಾಡಿದರು. ತಮ್ಮ ಕಮಾನನ್ನೇ ಬಿಟ್ಟುಕೊಡುತ್ತೇನೆಂದರು. ಫಿಟ್ಟರ್ ಆಗ ನನ್ನನ್ನು ತೋರಿಸಿ ಹೇಳಿದ ಮಾತನ್ನು ನಾನು ಮರೆತಿಲ್ಲ. "ಅಂಗ್ಡಿ ಸಾವ್ಕಾರ್ರ ಮಗೀಗೆ ಇಲ್ಲಿ ಕಂಬ ಐತೆ ಟೀಚರಮ್ಮ. ಪ್ರತಿ ಬಾನ್ವಾರ ಮೊಣಕಾಲೂರೋ ನಮ್ಗೆ ಒಂದ್ ಗೇಣ್ ಗೋಡೆ ಇಲ್ಲ. ನಿಮ್ದೊಬ್ರದ್ನ ಇಸ್ಕಂಡು ಏನ್ ಮಾಡವ?" ಟೀಚರಮ್ಮ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊಸಬರು ತಮ್ಮಲ್ಲೇ ಮಾತಾಡಿಕೊಂಡು, ಒಳಗಿನ ಗೋಡೆಗಳಿಗೆಲ್ಲ ತಾವೇ ಪೇಂಟ್ ಹೊಡೆಸುತ್ತೇವೆ, ಅದು ಎಲ್ಲರ ಹೆಸರಲ್ಲಿರಲಿ ಎಂದರು. ಫ್ಯಾಕ್ಟರಿಯಲ್ಲಿ ಪೈಪುಗಳಿಗೆ ಬಳಿಯುತ್ತಾರಲ್ಲ, ಆ ಗಟ್ಟಿ ಆಯಿಲ್ ಪೇಂಟ್. ಕೆಳಗೆ ಸೊಂಟದೆತ್ತರಕ್ಕೆ ಸಿಮೆಂಟ್ ಮೆತ್ತಿಸುವುದೆಂದೂ ಆಯಿತು. ಅವರು ಬಂದು ಕೇಳಿದಾಗ ಟೀಚರಮ್ಮನಿಗೆ ಮನಸ್ಸಿರಲಿಲ್ಲ. ಆದರೆ ಒಮ್ಮೆ ಇಲ್ಲ ಎನಿಸಿಕೊಂಡವರಿಗೆ ಮತ್ತೊಮ್ಮೆ ಇಲ್ಲ ಎನ್ನುವುದು ಹೇಗೆ? ಹೂಂ ಎಂದರು. ಹಬ್ಬದ ದಿನ ಒಳಗೆ ತಿಳಿಹಳದಿ ಗೋಡೆಗಳು ಕನ್ನಡಿಯ ಹಾಗೆ ಹೊಳೆದವು. ಫಿಟ್ಟರಿನ ಹೆಂಡತಿ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅದನ್ನು ಕಂಡು ಟೀಚರಮ್ಮನಿಗೂ ಸಮಾಧಾನವಾಯಿತು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪೇಂಟ್ ಗುಳ್ಳೆ ಎದ್ದಿತು. ಸುಣ್ಣದ ಗೋಡೆ ತಾನು ಕುಡಿದ ನೀರನ್ನು ಬಿಸಿಲಿಗೆ ಬಿಟ್ಟುಬಿಡುತ್ತಿತ್ತು. ಈಗ ಬಿಡಲು ದಾರಿಯಿರಲಿಲ್ಲ. ಒಳಗೇ ನೆಂದು, ಊದಿ, ಗಾರೆ ಹಪ್ಪಳದಂತೆ ಬೆಂಚಿನ ಮೇಲೆ ಬೀಳತೊಡಗಿತು. ಟೀಚರಮ್ಮ ಕೂತು ಅದನ್ನು ಗುಡಿಸುವರು. "ನಾನೇ ಕಣೇ ಹೂಂ ಅಂದದ್ದು. ಈ ಮುದುಕರು ಒಂದೊಂದು ಗೇಣು ಕೊಟ್ಟಿದ್ರೆ ಇದಾಗ್ತಿತ್ತಾ?" ಎಂದು ಬೈದುಕೊಂಡೇ ಗುಡಿಸುವರು. ಪೇಂಟ್ ಕೆರೆದು ತೆಗೆದು ಮತ್ತೆ ಸುಣ್ಣ ಕಾಣಿಸೋಣ, ಈ ಸಲ ಹೊಸಬರು ಹಳಬರು ಕಲೆತು ಹೊಡೆಯೋಣ ಎಂದು ಮೂರು ಸಲ ಕಮಿಟಿಯ ಮುಂದೆ ನಿಂತರು.

ಹೀಗೇ ಏಳೆಂಟು ವರ್ಷ ಕಳೆಯುವಷ್ಟರಲ್ಲಿ ಕಮಿಟಿಗೆ ಹೊಸ ಅಧ್ಯಕ್ಷರು ಬಂದಿದ್ದರು. ಕಂಟ್ರಾಕ್ಟರ್. ಫ್ಯಾಕ್ಟರಿಗಳ ಶೆಡ್ಡು, ಕಾಂಪೌಂಡು ಕಟ್ಟಿ ಮೇಲೆ ಬಂದವರು. ಊದಿದ ಗೋಡೆಯೇ ಅವರಿಗೆ ನೆಪವಾಯಿತು. ಕಟ್ಟಡ ಶಿಥಿಲವಾಗಿದೆ, ಯಾರ ತಲೆಯ ಮೇಲಾದರೂ ಬಿದ್ದರೆ ಯಾರು ಹೊಣೆ, ಒಡೆದು ಸಾವಿರ ಜನ ಕೂರುವಂಥದು ಕಟ್ಟೋಣ ಎಂದರು. "ಜಾಗ ಬೇಕು, ಒಪ್ಪಿದೆ. ಹಿಂದುಗಡೆ ಅಷ್ಟು ಖಾಲಿ ಬಿದ್ದಿದೆಯಲ್ಲ, ಅಲ್ಲಿ ಕಟ್ಟಿ" ಎಂದು ಟೀಚರಮ್ಮ ಹೇಳಿದ್ದಕ್ಕೆ ಅಧ್ಯಕ್ಷರು ನಕ್ಕು, "ರೋಡಿಂದ ಕಾಣಾಕಿಲ್ವಲ್ಲ ಟೀಚರಮ್ಮ" ಎಂದರು. ದೇವರ ಮನೆ ರೋಡಿಗೆ ಕಾಣದಿದ್ದರೆ ಕಟ್ಟಿಯೂ ದಂಡ! ಇಂಥವರ ಕೈಗೆ ಊರಿನ ಒಳ್ಳೆಯ ಕಟ್ಟಡಗಳೆಲ್ಲ ಹೇಗೆ ಸಿಕ್ಕಿಬೀಳುತ್ತವೋ ನನಗಿನ್ನೂ ಅರ್ಥವಾಗಿಲ್ಲ. ಪಾದ್ರಿ ಅಯ್ಯನವರು ಮಧ್ಯೆ ಬರಲಿಲ್ಲ. ಅವರದು ವರ್ಗವಾಗಿ ಬಂದು ವರ್ಗವಾಗಿ ಹೋಗುವ ಕೆಲಸ.

ಟೀಚರಮ್ಮ ಆಗ ರಿಟೈರಾಗಿದ್ದರು. ಬೆಳಿಗ್ಗೆ ತಿಂಡಿ ಮುಗಿಸಿ ಚರ್ಚಿಗೆ ಹೋಗಿ ಮೊದಲ ಬೆಂಚಿನಲ್ಲಿ ಕೂರುವರು, ಸಂಜೆಗೆ ಏಳುವರು. "ನಾನು ಕೂತಿರೋವಾಗ ಅದ್ಯಾವನು ಒಡೀತಾನೆ ನೋಡ್ತೀನಿ" ಎನ್ನುವರು. ಒಂದು ಮಳೆಗಾಲವೆಲ್ಲ ಹೀಗೇ ನಡೆಯಿತು. ನಾನು ಅಷ್ಟರಲ್ಲಿ ಅದೇ ಊರಿನಲ್ಲಿ ಟೀಚರಾಗಿದ್ದೆ. ರಜೆಯ ದಿನ ಹೋಗಿ ಜೊತೆಗೆ ಕೂರುತ್ತಿದ್ದೆ.

ಆಮೇಲೆ ಅಧ್ಯಕ್ಷರೇ ಒಂದು ದಿನ ಅವರ ಮನೆಗೆ ಬಂದರು. ಮುಖದ ತುಂಬ ಮರ್ಯಾದೆ. "ಟೀಚರಮ್ಮಾ, ಆಗಿದ್ದು ಆಗೋಯ್ತು. ನೀವು ಇಷ್ಟ್ ವರ್ಸ ಸೇವೆ ಮಾಡಿದ್ದೀರಿ. ನರಸೀಪುರದ ಚರ್ಚಿನ ಸಭೆಯೋರು ನಿಮ್ಗೆ ಸನ್ಮಾನ ಮಾಡ್ಬೇಕು ಅಂತವ್ರೆ. ಕಾರ್ ಕಳಿಸ್ತೀನಿ, ಬರಾಕಿಲ್ಲ ಅನ್ಬ್ಯಾಡಿ" ಎಂದರು. ನನ್ನ ಕಡೆ ತಿರುಗಿ, "ನೀವೂ ಜೊತೇಲಿ ಓಗಿ ಬನ್ನಿ ಮೇಡಮ್, ವಯಸ್ಸಾದೋರು" ಎಂದರು. ಟೀಚರಮ್ಮ ಮೊದಲು ಒಪ್ಪಲಿಲ್ಲ. ಆಮೇಲೆ, ತಮ್ಮ ಮಾತನ್ನು ಬೇರೆ ಊರಿನ ಸಭೆಯಾದರೂ ಕೇಳಿಸಿಕೊಂಡೀತು ಎಂಬ ಆಸೆಗೆ ಹೊರಟರು. ಯಾರದಾದರೂ ಮದುವೆಗೆ ಉಡಲೆಂದು ತೆಗೆದಿಟ್ಟಿದ್ದ ಜರಿಯಂಚಿನ ಬಿಳಿ ಸೀರೆ ಉಟ್ಟಿದ್ದರು.

ತಿ. ನರಸೀಪುರದಲ್ಲಿ ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಯಾರೋ ಹಿರಿಯರು ಎದ್ದು, ಹಳೆಯ ದೇವಾಲಯವನ್ನು ತಾಯಿಯಂತೆ ಕಾಪಾಡಿದವರು ಎಂದು ಹೊಗಳಿದರು. ಅಲ್ಲಿನವರಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಟೀಚರಮ್ಮ ಮೈಕ್ ಹಿಡಿದು ಗೋಡೆಯ ಪಾಲಿನ ಪದ್ಧತಿಯನ್ನು ವಿವರಿಸಿದರು. ಹೊಸಬರಿಗೆ ಪಾಲು ಕೊಡದೆ ನಾವು ತಪ್ಪು ಮಾಡಿದೆವು, ಅದನ್ನು ಸರಿಪಡಿಸುವವರೆಗೆ ನಾನು ಸಾಯುವುದಿಲ್ಲ ಎಂದರು. ಚಪ್ಪಾಳೆ ಬಿತ್ತು. ಊಟವಾದ ಮೇಲೆ ಡ್ರೈವರ್, ಕಪಿಲೆ ಕಾವೇರಿ ಕೂಡುವ ಜಾಗ ನೋಡಿಕೊಂಡು ಹೋಗೋಣ ಎಂದ. ನೋಡಿದೆವು. ಟೀ ಕುಡಿಯೋಣ ಎಂದ. ಕುಡಿದೆವು. ಹೊತ್ತು ಕಳೆಯುವಂತೆ ಅವನಿಗೆ ಹೇಳಿ ಕಳಿಸಿದ್ದರು.

ನಾವು ಹಿಂತಿರುಗಿದಾಗ ಬೇವಿನ ಮರಗಳ ಎಲೆಗಳೆಲ್ಲ ಬೆಳ್ಳಗಿದ್ದವು. ನಡುವೆ ಆಕಾಶ ಕಾಣುತ್ತಿತ್ತು. ಜೆಸಿಬಿ ಇನ್ನೂ ಅಲ್ಲೇ ನಿಂತಿತ್ತು, ಕಮಾನು ಇದ್ದ ಕಡೆ. ಟೀಚರಮ್ಮ ಕೊರಳಲ್ಲಿದ್ದ ಗಂಧದ ಹಾರವನ್ನು ತೆಗೆಯುವುದನ್ನೂ ಮರೆತು ಇಳಿದರು. ಅಧ್ಯಕ್ಷರು ಮುಂದೆ ಬಂದು, "ಗಂಟೆ ಜೋಪಾನವಾಗೈತೆ ಟೀಚರಮ್ಮ, ಪಾಲಿಶ್‌ಗೆ ಕಳ್ಸಿದ್ದೀವಿ" ಎಂದರು.

"ಅವರು ನನಗೆ ಶಾಲು ಹೊದಿಸ್ತಿದ್ದಾಗ ಎಷ್ಟು ಗೋಡೆ ಬಿದ್ದಿತ್ತು?" ಎಂದು ಟೀಚರಮ್ಮ ಕೇಳಿದರು.

ಹಳೆಯ ಮನೆಗಳವರು ಅಲ್ಲೇ ನಿಂತಿದ್ದರು. ತಾತನ ಪಾಲು, ಅತ್ತೆಯ ಹರಕೆ ಎಂದವರು ಒಬ್ಬರೂ ಜೆಸಿಬಿಗೆ ಅಡ್ಡ ನಿಂತಿರಲಿಲ್ಲ. ಫಿಟ್ಟರ್ ಒಬ್ಬರೇ ಹತ್ತಿರ ಬಂದು, "ನಾವು ಶಿಫ್ಟಲ್ಲಿದ್ದೋ ಟೀಚರಮ್ಮ. ಗೊತ್ತಿದ್ರೆ ಬತ್ತಿದ್ದೋ" ಎಂದರು. ಅದನ್ನು ಟೀಚರಮ್ಮ ನಂಬಿದರು. ನಾನೂ ನಂಬುತ್ತೇನೆ.

ಹೊಸ ಚರ್ಚು ಎದ್ದಿತು. ರೋಡಿನಿಂದ ಚೆನ್ನಾಗಿ ಕಾಣುತ್ತದೆ. ಬಾಗಿಲ ಪಕ್ಕದ ಕರಿಕಲ್ಲಿನ ಮೇಲೆ ಅಧ್ಯಕ್ಷರ ಹೆಸರಿನ ಕೆಳಗೆ ಟೀಚರಮ್ಮನ ಹೆಸರನ್ನೂ ಕೆತ್ತಿಸಿದರು. ಇವರ ಮಾರ್ಗದರ್ಶನದಲ್ಲಿ ಕಟ್ಟಲಾಯಿತು ಎಂದು! ಅಳಿಸಿ ಎಂದು ಟೀಚರಮ್ಮ ಕಮಿಟಿಯ ಬಾಗಿಲಿಗೆ ಅಲೆದರು. "ದೊಡ್ಡೋರ್ ದೊಡ್ಡಗುಣ" ಎಂದು ಕಮಿಟಿಯವರು ಕೈಮುಗಿದು ಕಳಿಸಿದರು. ಹೊಸ ಚರ್ಚಿನೊಳಗೆ ಟೀಚರಮ್ಮ ಕಾಲಿಡಲಿಲ್ಲ. ಭಾನುವಾರ ಬೇವಿನ ಮರದ ಕೆಳಗೆ ಕೊಡೆ ಬಿಚ್ಚಿಕೊಂಡು ಕೂತು, ಕಿಟಕಿಯಿಂದ ಬರುವ ಹಾಡಿಗೆ ದನಿ ಸೇರಿಸಿ ಎದ್ದು ಬರುವರು.

ಹಾಸಿಗೆ ಹಿಡಿದ ಮೇಲೆ ನನಗೆ ಒಂದೇ ಮಾತು ಹೇಳಿದರು. "ನಾನು ಹೋದ ಮೇಲೆ ಇವರು ನಾನು ಒಪ್ಪಿದ್ದೆ ಅಂತಾರೆ. ಸತ್ತೋರು ಎದ್ದು ಬಂದು ಇಲ್ಲ ಅನ್ನೋಕಾಗಲ್ಲ. ನೀನು ಇಲ್ಲ ಅನ್ನು."

ಹಾಗೆ ಅಂದರು ಕೂಡ, ಟೀಚರಮ್ಮನನ್ನು ಮಣ್ಣು ಮಾಡುವ ದಿನವೇ. ಸಮಾಧಿಯ ಹತ್ತಿರ ಪ್ರಾರ್ಥನೆ ಮುಗಿದದ್ದೇ ಅಧ್ಯಕ್ಷರು ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಮಾತಿಗೆ ನಿಂತರು. ಹೊಸ ದೇವಾಲಯ ಟೀಚರಮ್ಮನ ಕನಸು, ಅವರ ಒಪ್ಪಿಗೆಯಿಂದಲೇ ಎಲ್ಲ ನಡೆಯಿತು ಎಂದರು. ಶವದ ಪೆಟ್ಟಿಗೆ ಇನ್ನೂ ಮಣ್ಣಿನ ಮೇಲೇ ಇತ್ತು. ನಾನು ಆ ಸಭೆಯವಳಲ್ಲ, ಆ ಧರ್ಮದವಳೂ ಅಲ್ಲ. ಆದರೂ ಮುಂದೆ ಹೋಗಿ, "ಅವರು ಒಪ್ಪಿರಲಿಲ್ಲ" ಎಂದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ, ಜೋರಾಗಿ ಹೇಳಿದೆ.

"ದುಃಖದಲ್ಲವ್ರೆ ಮೇಡಮ್ಮು, ಕರ್ಕೊಂಡೋಗಿ ನೀರ್ ಕೊಡಿ" ಎಂದರು ಅಧ್ಯಕ್ಷರು.

"ದುಃಖ ಮನೆಗೆ ಹೋಗಿ ಪಡ್ತೀನಿ ಸಾರ್. ಇದು ಕೋಪ" ಎಂದೆ.

ಹಿಂದಿನಿಂದ ಫಿಟ್ಟರಿನ ದನಿ ಬಂತು. "ನಿಜ ಕಣ್ರೀ. ಆಯಮ್ಮ ಒಪ್ಪಿರ್ನಿಲ್ಲ." ಅವರ ಹೆಂಡತಿಯೂ ಅದನ್ನೇ ಹೇಳಿದಳು. ಆಮೇಲೆ ಯಾರಾರೋ ಹೇಳಿದರು. ಅಧ್ಯಕ್ಷರು ಕರ್ಚೀಫು ಮಡಚಿ ಜೇಬಿಗಿಟ್ಟುಕೊಂಡರು. ಪೆಟ್ಟಿಗೆಯನ್ನು ಇಳಿಸಿದರು.

ಕಲ್ಲಿನ ಮೇಲೆ ಟೀಚರಮ್ಮನ ಹೆಸರು ಈಗಲೂ ಹಾಗೇ ಇದೆ. ಆ ದಾರಿಯಲ್ಲಿ ಹೋದಾಗಲೆಲ್ಲ, ಅದನ್ನು ಓದುತ್ತಾ ನಿಂತವರು ಯಾರಾದರೂ ಕಂಡರೆ ನಾನು ಗಾಡಿ ನಿಲ್ಲಿಸಿ, ಹತ್ತಿರ ಹೋಗಿ, ಟೀಚರಮ್ಮ ಒಪ್ಪಿರಲಿಲ್ಲ ಎಂದು ಹೇಳಿಯೇ ಮುಂದೆ ಹೋಗುತ್ತೇನೆ.