ಕುಂಕುಮದ ಜೊತೆ ಕೊಟ್ಟ ಸೀರೆ

ಆಸ್ಟಿನ್‌ನಲ್ಲಿ ಓದುವ ನನ್ನ ತಂಗಿಯ ಮಗಳು ಫೋನ್ ಮಾಡಿದಾಗ ನಾನು ಶುಗರ್ ಲ್ಯಾಂಡಿನ ಮನೆಯಲ್ಲಿ ತೊಗರಿಬೇಳೆ ತೊಳೆಯುತ್ತಿದ್ದೆ.

"ದೊಡ್ಡಮ್ಮ, ಆ ಸೀರೆ ಎಲ್ಲಿದೆ?"

"ನನ್ನ ಬೀರುವಿನಲ್ಲೇ ಇಟ್ಟಿದ್ದೀನಿ ಕಣೇ."

"ಮಡಿಕೆ ಬಿಚ್ಚಬೇಡಿ."

ಅವಳು ಮೈಸೂರಿನಿಂದ ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಬಂದವಳು. ಈಗ ಇಲ್ಲಿ ಅಮೆರಿಕದಲ್ಲಿ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು ಎಂದು ಕಾನೂನಿದೆ. ಅವಳ ಜೊತೆಯ ಹುಡುಗಿಯರು ಶೂ ಹಿಡಿದು, ಜ್ಯೂಸ್ ಬಾಟ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ನೋಡಿ, ಇರ್ವಿಂಗ್‌ನಲ್ಲಿ ದೋಸೆ ಹಿಟ್ಟು ಮಾಡಿ ಮಾರುವ ನನ್ನ ಹುಬ್ಬಳ್ಳಿ ಗೆಳತಿಗೆ "ಡಬ್ಬದ ಮೇಲೆ ನಮ್ಮ ಹುಡುಗಿಯ ಫೋಟೊ ಹಾಕು" ಎಂದವಳು ನಾನೇ. ಒಂದು ಕೈಯಲ್ಲಿ ರ‍್ಯಾಕೆಟ್, ಇನ್ನೊಂದರಲ್ಲಿ ದೋಸೆ ತಟ್ಟೆ. ಫೋಟೊ ಮುಗಿದ ಮೇಲೆ ಗೆಳತಿ ಹುಡುಗಿಯನ್ನು ಮಣೆ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಎಲೆ ಅಡಿಕೆ ತೆಂಗಿನಕಾಯಿಯ ಜೊತೆ ಇಳಕಲ್ ಸೀರೆ ಕೊಟ್ಟಳು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸುತ್ತಾರೆಯೇ?

ಆದರೆ ವೀಸಾದ ಕಾನೂನು ಬೇರೆ. ಸ್ಟೂಡೆಂಟ್ ವೀಸಾದವರು ಜಾಹೀರಾತಿಗೆ ನಿಂತರೆ ಅದನ್ನು ಕೆಲಸ ಎಂದೇ ಹಿಡಿಯಬಹುದಂತೆ. ವೀಸಾ ಹೋದರೆ ಆಟ, ಓದು ಎರಡೂ ಮುಗಿದ ಹಾಗೆ. ಜಾಹೀರಾತಿನ ವಿವರ ಕೇಳುವ ಕಾಲೇಜಿನ ಫಾರ್ಮಿನಲ್ಲಿ 'ಪ್ರತಿಯಾಗಿ ಏನು ಪಡೆದಿರಿ' ಎಂಬ ಪ್ರಶ್ನೆಗೆ ಬಂದು ಅವಳು ನಿಂತುಬಿಟ್ಟಿದ್ದಳು.

"ಏನೂ ಇಲ್ಲ ಅಂತ ಬರಿ," ಎಂದೆ.

"ಸುಳ್ಳು ಬರೆದು ಸಿಕ್ಕಿಬಿದ್ರೆ?"

ಅವಳು ಇದ್ದದ್ದನ್ನೇ ಬರೆದಳು. ಮರುದಿನ ಕಾಲೇಜಿನವರು ಹೇಳಿದರು: ಡಬ್ಬದ ಮೇಲಿನ ಫೋಟೊ ಕೀಳಿಸಿ, ಸೀರೆ ವಾಪಸ್ ಮಾಡಿ, ವಾಪಸಾಯಿತೆಂದು ಪತ್ರ ತನ್ನಿ, ಆಮೇಲೆ ನೋಡೋಣ. ತಂಗಿಗೆ ಇನ್ನೂ ಹೇಳಿರಲಿಲ್ಲ.

ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಹೊರಟೆ. ನಾಲ್ಕು ಗಂಟೆಯ ದಾರಿ, ಪಕ್ಕದ ಸೀಟಿನಲ್ಲಿ ಸೀರೆ. ಪೊಲೀಸ್ ಕಾರು ಕಂಡಾಗ ಯಾಕೋ ಸೀರೆಯ ಮೇಲೆ ನನ್ನ ಶಾಲು ಎಳೆದೆ.

ಗೆಳತಿ ಡಬ್ಬಗಳ ಮೇಲಿನ ಲೇಬಲ್ ಕೀಳುತ್ತಾ ಕೂತಿದ್ದಳು. ಎಷ್ಟು ಕೆರೆದರೂ ಹುಡುಗಿಯ ಅರ್ಧ ಮುಖ ಅಂಟಿಕೊಂಡೇ ಇರುತ್ತಿತ್ತು. ಸೀರೆ ಮುಂದಿಟ್ಟೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಕುಂಕುಮ ಹಚ್ಚಿ ಕೊಟ್ಟದ್ದು, ಹೊಳ್ಳಿ ಹ್ಯಾಂಗ ತಗೊಳ್ಳಲಿ? ಹುಡುಗಿಗೆ ಛಲೋ ಆಗಂಗಿಲ್ಲ."

"ತಗೊಳ್ಳದೇ ಇದ್ರೆ ಹುಡುಗಿ ಇಲ್ಲೇ ಇರಲ್ಲ ಮಾರಾಯ್ತಿ. ಸಹಿ ಹಾಕು."

ಅವಳು ಕೈ ತೊಳೆದು, ಒರೆಸಿಕೊಂಡು, ಸೀರೆಯನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟಳು. ಸಹಿ ಹಾಕಿದ ಪತ್ರದ ಫೋಟೊ ತೆಗೆದು ಆಸ್ಟಿನ್‌ಗೆ ಕಳಿಸಿದೆ. "ಕಾಲೇಜಿಗೆ ಕೊಟ್ಟೆ ದೊಡ್ಡಮ್ಮ, ಉತ್ತರಕ್ಕೆ ಹತ್ತು ದಿನ ಆಗುತ್ತಂತೆ," ಎಂದು ಬರೆದಳು.

ಹೊರಡುವಾಗ ಗೆಳತಿ ಎಂದಿನಂತೆ ಕುಂಕುಮದ ಭರಣಿ, ಎರಡು ಬಾಳೆಹಣ್ಣು ತಂದಳು. ನನ್ನ ಕೈ ಮುಂದೆ ಹೋಗಲಿಲ್ಲ.

"ಇದಕ್ಕೂ ಫಾರ್ಮ್ ಐತೇನ?" ಎಂದು ನಕ್ಕಳು. ಕಣ್ಣಲ್ಲಿ ನೀರಿತ್ತು.

ಹಣೆ ಒಡ್ಡಿದೆ. ಬಾಳೆಹಣ್ಣು ಮಾತ್ರ ಅವಳ ಮೇಜಿನ ಮೇಲೆಯೇ ಬಿಟ್ಟು ಬಂದೆ.