ಎಸೆಯುವ ಕೈಯ ನೋವು

ನೋವು ಶುರುವಾದದ್ದು ಎಡಗೈಯಲ್ಲಿ. ಬೇರೆಯವರ ಮನೆಯಲ್ಲಾಗಿದ್ದರೆ ಗಾಬರಿಯಾಗಿ ಡಾಕ್ಟರ ಹತ್ತಿರ ಓಡುತ್ತಿದ್ದರು. ನಾವು ನೋವಿನ ಸ್ಪ್ರೇ ಹುಡುಕಿದೆವು.

ನನ್ನ ಗಂಡ ಎಡಗೈ ಆಟಗಾರ. ಹ್ಯಾಂಡ್‌ಬಾಲ್‌ನಲ್ಲಿ ಅಂಕಣದ ಬಲಗಡೆ ಆಡಲು ಎಡಗೈಯವರೇ ಬೇಕಂತೆ, ಸಿಗುವುದು ಅಪರೂಪವಂತೆ. ಆ ಕೈ ನೋಡಿಯೇ ಇವರಿಗೆ ಸರ್ಕಾರಿ ಕೆಲಸ ಸಿಕ್ಕಿತು. ಹನ್ನೆರಡು ವರ್ಷ ಇಲಾಖೆಯ ತಂಡಕ್ಕೆ ಆಡಿದರು, ರಾಜ್ಯಕ್ಕೂ ಆಡಿದರು. ಈಗ ನಮ್ಮ ಮನೆ ತರೀಕೆರೆಯಲ್ಲಿ. ಅಜ್ಜಂಪುರದಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಇವರು ಕೋಚ್.

ಹಳೆಯ ಆಟಗಾರರದು ಒಂದು ಪದ್ಧತಿ. ಮೈಯ ಪ್ರತಿ ನೋವಿಗೂ ಒಂದು ಪಂದ್ಯದ ಹೆಸರಿರುತ್ತದೆ. ಮಂಡಿ ಹಿಡಿದರೆ ಆ ಸೆಮಿಫೈನಲ್, ಸೊಂಟ ಹಿಡಿದರೆ ಈ ಕ್ಯಾಂಪ್. ಇವರ ಜೊತೆಗೆ ಆಡುತ್ತಿದ್ದ ಪ್ರಕಾಶಣ್ಣ ಕಡೂರಿನಿಂದ ಬಂದು, ಭುಜ ಒತ್ತಿ ನೋಡಿ, "ಇದು ಆ ಫೈನಲ್‌ದೇ ಕಣೋ, ಡೌಟೇ ಇಲ್ಲ" ಎಂದು ತೀರ್ಪು ಕೊಟ್ಟು ಟೇಪ್ ಸುತ್ತಿದರು. ಚೆಂಡು ಎಸೆದರೆ ನೋಯುತ್ತದೆ, ಕೂತರೆ ಕಡಿಮೆಯಾಗುತ್ತದೆ. ಭುಜವಲ್ಲದೆ ಇನ್ನೇನು? ಇಬ್ಬರೂ ಕಾಫಿ ಕುಡಿಯುತ್ತಾ, ಎಂದೋ ಸೋತಿದ್ದ ಆ ಫೈನಲ್ಲನ್ನು ಬಾಯಲ್ಲೇ ಮತ್ತೊಮ್ಮೆ ಪೂರ್ತಿ ಆಡಿದರು. ಈ ಸಲ ಗೆದ್ದರು.

ಮೂರು ವಾರ.

ಮೂರು ವಾರ ನಾನೇ ಕೈಯಾರೆ ಆ ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಒಂದು ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಕೂತಿದ್ದವರ ಅಂಗಿ ಬೆವರಿನಿಂದ ತೊಯ್ದಿತ್ತು. ದವಡೆ ಹಿಡಿದುಕೊಂಡಿದ್ದರು. "ಹಲ್ಲುನೋವು ಕಣೇ, ಏನಿಲ್ಲ" ಎಂದರು. ನಾನು ವಾದ ಮಾಡಲಿಲ್ಲ. ಆಟೋ ಕರೆದೆ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಬಾಯಿ ತೆರೆಯುವ ಮೊದಲೇ ಇವರು ಶುರುಮಾಡಿದರು. "ಸಾರ್, ಇದು ಥ್ರೋಯಿಂಗ್ ಆರ್ಮು. ಹಳೇ ಇಂಜುರಿ. ಒಂದು ಇಂಜೆಕ್ಷನ್ ಹಾಕ್ಬಿಡಿ, ಪ್ರಾಕ್ಟೀಸಿಗೆ ಹೋಗ್ಬೇಕು."

"ನೀವು ಸ್ವಲ್ಪ ಸುಮ್ನಿರಿ" ಎಂದ ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಹೇಳಮ್ಮ."

ಬೆವರಿನ ವಿಷಯ ಹೇಳಿದೆ. ದವಡೆಯ ವಿಷಯ ಹೇಳಿದೆ. ಇಸಿಜಿ ಮಾಡಿದರು.

ಭುಜವಲ್ಲ. ಹಾರ್ಟ್ ಅಟ್ಯಾಕ್.

ಆಂಬ್ಯುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಹೊರಟೆವು. ನಾನು ಗೊತ್ತಿರುವ ದೇವರನ್ನೆಲ್ಲ ಕರೆಯುತ್ತಿದ್ದೆ. ಇವರು ಆಕ್ಸಿಜನ್ ಮಾಸ್ಕ್ ಸರಿಸಿ, "ಪ್ರಾಕ್ಟೀಸ್ ಇಲ್ಲಾಂತ ಮಕ್ಳಿಗೆ ಫೋನ್ ಮಾಡೇ, ಸುಮ್ನೆ ಕಾಯ್ತಾ ನಿಂತಿರ್ತವೆ" ಎಂದರು. ಅಳಬೇಕೋ ಎರಡು ಬಿಡಬೇಕೋ ತಿಳಿಯಲಿಲ್ಲ.

ಆಂಜಿಯೋಗ್ರಾಂ ಮಾಡಿ ಒಂದು ಸ್ಟೆಂಟ್ ಹಾಕಿದರು. ಐಸಿಯುನಲ್ಲಿ ನನ್ನನ್ನು ಒಳಗೆ ಬಿಟ್ಟಾಗ ಇವರು ಬಲಗೈ ಮಣಿಕಟ್ಟಿನ ಬ್ಯಾಂಡೇಜ್ ತೋರಿಸಿ ನಕ್ಕರು. "ಸ್ಟೆಂಟು ಈ ಕೈ ನರದೊಳಗಿಂದ ಹಾಕಿದ್ರು ಕಣೇ. ಎಡಗೈ ಮುಟ್ಲಿಲ್ಲ, ಪುಣ್ಯ."

ಜೀವ ಉಳಿದದ್ದು ಲೆಕ್ಕಕ್ಕಿಲ್ಲ. ಎಡಗೈ ಉಳಿದದ್ದು ಪುಣ್ಯ.

ಬಿಡುಗಡೆಯ ದಿನ ಹೃದಯದ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಮೂರು ತಿಂಗಳು ಎಸೆತವಿಲ್ಲ, ಜಿಗಿತವಿಲ್ಲ, ಓಟವಿಲ್ಲ. ಹೃದಯಕ್ಕೆ ಪೆಟ್ಟಾಗಿದೆ, ಈಗ ಮಾತು ಕೇಳದಿದ್ದರೆ ಇನ್ನೊಮ್ಮೆ ಇಲ್ಲಿಯವರೆಗೆ ತಲುಪುವುದು ಕಷ್ಟ. ಇವರು ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು. ನಾನು ನಂಬಲಿಲ್ಲ.

ಮನೆಗೆ ಬಂದ ಮೇಲೆ ನೋಡಲು ಬಂದವರ ಕಾಟ. ಲಿಂಗದಹಳ್ಳಿಯಿಂದ ಬಂದ ಇವರ ಅಕ್ಕ, "ದಿನಾ ಓಡ್ತಿದ್ದೋನಿಗೆ ಹಾರ್ಟು ಹೆಂಗೆ ಬತ್ತದೆ? ನೀನು ಎಣ್ಣೆ ಜಾಸ್ತಿ ಸುರೀತೀಯ ಕಣವ್ವ" ಎಂದರು. ನಾನು ಉಪ್ಪಿಲ್ಲದ ಸಾರು ಬಡಿಸಿ ಉತ್ತರ ಕೊಟ್ಟೆ. ಇವರಾದರೋ ಕಾಲುಚೀಲ ಉಂಡೆಮಾಡಿ ಗೋಡೆಗೆ ಎಸೆಯುವುದು, ನಾನು ಬಂದರೆ ಮಡಿಸುತ್ತಿದ್ದಂತೆ ನಟಿಸುವುದು. ಮನೆಯಲ್ಲಿದ್ದ ಚೆಂಡನ್ನು ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟೆ. ಮಾತ್ರೆ ಕೊಟ್ಟರೆ ಜಗಳ, ಮಲಗಿ ಎಂದರೆ ಜಗಳ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ನನಗೆ ತಿಳಿದದ್ದು ಇಷ್ಟು: ಇವರು ಆಟ ಬಿಟ್ಟು ಕೋಚ್ ಆದವರೇ ಅಲ್ಲ. ಹೇಳಿಕೊಡುವುದೆಂದರೆ ಇವರಿಗೆ ಮಾಡಿ ತೋರಿಸುವುದು. ಕೈ ಕಟ್ಟಿಹಾಕಿದರೆ ಬಾಯೂ ಕಟ್ಟಿದ ಹಾಗೆ. ಅದು ಅರ್ಥವಾದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ, ಭಯ ಮಾತ್ರ ಹೆಚ್ಚಾಯಿತು.

ಆರನೇ ವಾರ, ಒಂದು ಭಾನುವಾರ, ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನುಷ್ಯ ಮಾಯ. ಫೋನ್ ಮೇಜಿನ ಮೇಲಿತ್ತು. ಎಲ್ಲಿಗೆ ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಅಜ್ಜಂಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡೆ.

ಮೈದಾನದ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಗೋಲ್‌ಕೀಪರ್ ಆಯೇಷಾ ಗೋಲಿನ ಮುಂದೆ ನಿಂತಿದ್ದಳು. ಅಭ್ಯಾಸಕ್ಕೆ ಮೊದಲು ಕೀಪರ್ ಮೈ ಬಿಸಿಯಾಗಲು ಯಾರಾದರೂ ಹದವಾಗಿ, ಒಂದು ಮೇಲೆ, ಒಂದು ಕೆಳಗೆ, ಚೆಂಡು ಎಸೆಯಬೇಕು. ಅದು ಯಾವತ್ತೂ ಇವರದೇ ಕೆಲಸ. ಬೇರೆ ಹುಡುಗಿಯರು ಜಿದ್ದಿಗೆ ಬಿದ್ದು ಬೀಸುತ್ತಿದ್ದರು. ಒಂದು ಚೆಂಡು ಅವಳ ಕೆನ್ನೆಗೇ ಬಡಿಯಿತು. ಇವರು ಕುರ್ಚಿಯ ಕೈ ಹಿಡಿದು ಏಳತೊಡಗಿದರು.

"ಕೂತ್ಕೊಳ್ರೀ!"

ನನ್ನ ಕೂಗಿಗೆ ಇಡೀ ಮೈದಾನ ನಿಂತಿತು. ಬ್ಯಾಗು ಕೆಳಗಿಟ್ಟೆ. ಸೆರಗು ಸಿಕ್ಕಿಸಿದೆ. ನನಗೇ ಗೊತ್ತಿಲ್ಲದೆ ಚೆಂಡು ಎತ್ತಿಕೊಂಡಿದ್ದೆ. ಎಸೆದೆ. ಅದು ಎರಡು ಸಲ ಪುಟಿದು, ಉರುಳಿಕೊಂಡು ಹೋಗಿ ಆಯೇಷಾಳ ಕಾಲ ಬಳಿ ನಿಂತಿತು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಮೊಣಕೈ ಮೇಲೆತ್ತೇ! ಭುಜಕ್ಕಿಂತ ಮೇಲೆ!" ಎಂದು ಹಿಂದಿನಿಂದ ಇವರು ಕೂಗಿದರು.

"ಸುಮ್ನೆ ಇರ್ರೀ, ಗೊತ್ತು" ಎಂದೆ. ಗೊತ್ತಿರಲಿಲ್ಲ. ಆದರೂ ಮೊಣಕೈ ಎತ್ತಿದೆ.

ಆಮೇಲೆ "ಪಾದ ಮುಂದಿಡು", "ಸೊಂಟ ತಿರುಗ್ಸು", "ಅಯ್ಯೋ, ಅದಲ್ಲ ಕಣೇ". ಹೇಳಿ, ಹೇಳಿ, ಇವರ ಗಂಟಲು ಕಟ್ಟಿತು. ನನಗೆ ಏದುಸಿರು ಬಂತು, ಭುಜ ಉರಿಯಿತು. ಇಪ್ಪತ್ತು ಚೆಂಡು ಎಸೆದಿರಬೇಕು, ಒಂದೂ ಗೋಲಾಗಲಿಲ್ಲ.

ಸಾಕಾಗಿ ತಿರುಗಿ ನೋಡಿದೆ. ಇವರು ಕುರ್ಚಿ ಬಿಟ್ಟು ಎದ್ದಿರಲಿಲ್ಲ.