ಎರಡೂ ಬಲಕ್ಕೆ ಹೊರಳುವ ಹಳಿ

ಆ ದಿನಗಳಲ್ಲಿ ಇಳಕಲ್ಲಿನ ನಮ್ಮ ಓಣಿ ಏಳುತ್ತಿದ್ದುದೇ ಮಗ್ಗದ ಸದ್ದಿಗೆ. ಬೇಸಿಗೆ ರಜೆ ಬಂತೆಂದರೆ ನೂಲಿಗೆ ಹಚ್ಚುವ ಗಂಜಿಯ ವಾಸನೆ ಮನೆ ತುಂಬ. ಆದರೆ ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಬೇಸಿಗೆ ನನಗೆ ನೆನಪಾಗುವುದು ಅಣ್ಣನ ಕಾಲಿನ ಪ್ಲಾಸ್ಟರಿನ ಹಸಿ ಸುಣ್ಣದಂಥ ವಾಸನೆಯಿಂದ.

ಅಣ್ಣ ಮಲ್ಲು ಬೇವಿನ ಗಿಡದಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದ. ಅಲ್ಲಾಡಬಾರದು ಎಂದಿದ್ದರು ಡಾಕ್ಟರು. ಓಣಿಯಲ್ಲಿ ಚಿಣ್ಣಿದಾಂಡಿನ ಗದ್ದಲ ಕೇಳಿದರೆ ಗೋಡೆಯ ಕಡೆ ಮುಖ ಹೊರಳಿಸುತ್ತಿದ್ದ. ಅವ್ವ ಕೊಟ್ಟ ಒಗ್ಗರಣೆ ಚುರುಮುರಿ ತಟ್ಟೆಯಲ್ಲೇ ಮೆತ್ತಗಾಗುತ್ತಿತ್ತು.

ಸೀರೆ ಮಾರಲು ಸೊಲ್ಲಾಪುರಕ್ಕೆ ಹೋಗಿಬರುತ್ತಿದ್ದ ಕಾಕಾ ಅವನಿಗೆಂದು ಸೆಲ್ಲು ಹಾಕಿ ಓಡಿಸುವ ಪ್ಲಾಸ್ಟಿಕ್ ರೈಲು ತಂದರು. ಮುಂದಿನ ಸಲ ಇನ್ನಷ್ಟು ಹಳಿ ತಂದರು. ಹಾಸಿಗೆಯ ಪಕ್ಕ ಒಂದು ಸುತ್ತು, ಅದಕ್ಕೆ ತಾಗಿದಂತೆ ಇನ್ನೊಂದು ಸುತ್ತು ಜೋಡಿಸಿದೆವು. ರೈಲು ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಯಾರಾದರೂ ಕೈಯಲ್ಲಿ ಎತ್ತಿ ಇಡಬೇಕು. ಅಣ್ಣ ಬಾಗುವಂತಿರಲಿಲ್ಲ; ಆ ಕೆಲಸ ನನ್ನದು.

ಒಂದು ಮಧ್ಯಾಹ್ನ ನಾನು ಆಟ ಮುಗಿಸಿ ಬಂದಾಗ ರೈಲು ನಿಂತಿತ್ತು. ಅಣ್ಣನ ಕಣ್ಣು ಕೆಂಪಾಗಿತ್ತು.

“ನಿನ್ನ ಎಷ್ಟು ಕೂಗಿದೆ, ಶಾಂತಿ. ಮಗ್ಗದ ಸಪ್ಪಳದಾಗ ಅವ್ವಗೂ ಕೇಳಲಿಲ್ಲ. ನೀರಿಗೂ ಮಂದೀನ ಕರೀಬೇಕು, ರೈಲು ಎತ್ತಿಡಾಕೂ ಕರೀಬೇಕು.”

ಸಂಜೆ ಬಂದ ಕಾಕಾನಿಗೆ ನಾನು ಇದನ್ನು ಹೇಳಿದೆ. ಅವರು ಅಣ್ಣನ ಹಾಸಿಗೆಯ ಬಳಿ ಕೂತರು.

“ಆ ರೈಲು ತಂದ ಅಂಗಡ್ಯಾಗ ಕವಲು ಹಳಿ ಅದಾವು. ಸಣ್ಣ ಕಡ್ಡಿ ಸರಿಸಿದ್ರ ರೈಲು ತಾನ ಹೊರಳ್ತದ. ಎಡಕ್ಕ ಹೊರಳೋದು ಬ್ಯಾರೆ, ಬಲಕ್ಕ ಹೊರಳೋದು ಬ್ಯಾರೆ. ಒಮ್ಮೆ ಒಯ್ದದ್ದನ್ನ ಅಂಗಡಿಯಂವ ಹೊಳ್ಳಿ ತಗೊಳ್ಳಂಗಿಲ್ಲಂತ. ಯಾವು ತರ್ಲಿ?”

“ಎಡದ್ದೊಂದು, ಬಲದ್ದೊಂದು,” ನಾನು ಹೇಳಿದೆ. “ಚಪ್ಪಲಿ ಜೋಡಿ ಇದ್ದಂಗ.”

ಕಾಕಾ ತಲೆಯಾಡಿಸಿದರು. ಅಣ್ಣ ಮಾತ್ರ, “ತಡಿ ಕಾಕಾ,” ಎಂದ.

ಸೀರೆ ಡಬ್ಬಿಯ ರಟ್ಟು ಕೇಳಿ ಇಸಿದುಕೊಂಡು ಎಡದ್ದೊಂದು, ಬಲದ್ದೊಂದು ಕವಲು ಕತ್ತರಿಸಿದ. ಪಕ್ಕಪಕ್ಕದ ಎರಡು ಹಳಿಗಳೆಂದುಕೊಂಡು ಅವನ್ನು ಹಾಸಿಗೆಯ ಮೇಲೆ ಎದುರುಬದುರು ಇಟ್ಟ. ಒಂದರ ಕವಲು ಇನ್ನೊಂದು ಹಳಿಯ ಕಡೆ ಬಂದರೆ, ಎರಡನೆಯದರ ಕವಲು ಗೋಡೆಯ ಕಡೆ ಹೊರಟಿತು. ತಿರುಗಿಸಿಟ್ಟರೆ ಎರಡೂ ಮೂತಿಗೆ ಮೂತಿ ತಾಗಿಸಿ ನಿಂತವು.

“ಮಗುಚಿ ಹಾಕು,” ಎಂದೆ.

“ರಟ್ಟು ಮಗುಚಬಹುದು. ಹಳಿ ಮಗುಚಿದ್ರ ರೈಲು ಎಲ್ಲಿ ಓಡಬೇಕು?”

ಬಹಳ ಹೊತ್ತು ರಟ್ಟಿನ ತುಂಡುಗಳನ್ನೇ ಸರಿಸಿ ಸರಿಸಿ ನೋಡಿದ. ಊಟಕ್ಕೆ ಕರೆದರೂ ಕಾಕಾ ಏಳಲಿಲ್ಲ. ಕೊನೆಗೆ ಅಣ್ಣ ಮೊದಲಿನದರಂಥದ್ದೇ ಇನ್ನೊಂದು ಕತ್ತರಿಸಿ, ಹಿಂದುಮುಂದು ತಿರುಗಿಸಿ ಇಟ್ಟ. ಎರಡೂ ಕವಲು ಕೂಡಿ ಒಂದೇ ದಾರಿಯಾಯಿತು.

“ಎರಡೂ ಒಂದ ನಮೂನಿ ಬೇಕು ಕಾಕಾ. ಎಡದ್ದಾದ್ರ ಎರಡೂ ಎಡದ್ದು, ಬಲದ್ದಾದ್ರ ಎರಡೂ ಬಲದ್ದು.”

“ಖರೆ ಏನಲೇ?”

“ಖರೆ.”

ಕಾಕಾ ಊಟಕ್ಕೆ ಎದ್ದರು. ಮುಂದಿನ ವಾರ ಬಲಕ್ಕೆ ಹೊರಳುವ ಎರಡು ಹಳಿಗಳೊಂದಿಗೆ ಬಂದರು.

“ಅಂಗಡಿಯಂವ ನಕ್ಕ. ತಪ್ಪು ಒಯ್ಯಾಕತ್ತೀರಿ, ಎಲ್ಲಾರೂ ಎಡ-ಬಲ ಜೋಡೀನ ಒಯ್ತಾರ ಅಂದ. ನಮ್ಮ ಹುಡುಗ ಹೇಳ್ಯಾನ, ಕೊಡು ಅಂದೆ.”

ಅಣ್ಣ ಹೇಳಿದಂತೆ ನಾನು ಜೋಡಿಸಿದೆ. ಅವನು ಮಲಗಿದಲ್ಲಿಂದಲೇ ಸೀರೆ ಅಳೆಯುವ ಗಜಕಡ್ಡಿಯಿಂದ ಎರಡೂ ಕವಲಿನ ಸಣ್ಣ ಕಡ್ಡಿ ಸರಿಸಿದ. ರೈಲು ಬಂತು, ಸ್ವಲ್ಪ ವಾಲಿತು, ಕವಲು ಹಿಡಿದು ಆಚೆಯ ಸುತ್ತಿಗೆ ಜಾರಿಹೋಯಿತು. ಅವ್ವ ಮಗ್ಗ ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ದಳು. ಅಣ್ಣ ಗಜಕಡ್ಡಿಯ ತುದಿಯಿಂದಲೇ ರೈಲಿನ ಗುಂಡಿ ಸರಿಸಿ ಅದನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ತಾನೇ ಈಚೆಗೆ ತಂದುಕೊಂಡ. ಯಾರನ್ನೂ ಕರೆಯಲಿಲ್ಲ. ಆ ಸಂಜೆ ಅವನೇ ರೊಟ್ಟಿ ಕೇಳಿ, ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದ.

ಮಳೆಗಾಲಕ್ಕೆ ಅಣ್ಣ ನಡೆದಾಡಿದ. ಆಟಿಕೆ ಒಡೆದು ಹೋಯಿತು. ಕಾಕಾ ತೀರಿಕೊಂಡು ವರ್ಷಗಳಾದವು. ರೈಲು ಹೋದದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಹಾಸಿಗೆ ಹಿಡಿದ ಹುಡುಗನೊಬ್ಬ ಯೋಚಿಸಿ ಮುಗಿಸುವವರೆಗೆ ಊಟ ಬಿಟ್ಟು ಕಾಯುವ, ಪರಊರಿನ ಅಂಗಡಿಯಲ್ಲಿ ಅವನ ಮಾತನ್ನೇ ನಂಬಿ ನಿಲ್ಲುವ ಹಿರಿಯರೊಬ್ಬರು ನಮ್ಮ ಮನೆಯಲ್ಲಿದ್ದರು. ಈಗ ಕಾಕಾನ ಆಗಿನ ವಯಸ್ಸು ನನಗೆ ಬಂದಿದೆ. ಮಗಳು ಏನನ್ನೋ ಯೋಚಿಸುತ್ತ ಸುಮ್ಮನೆ ಕೂತಾಗ, ಅವಳು ಬಾಯಿ ತೆರೆಯುವ ಮುಂಚೆಯೇ ನಾನು ಉತ್ತರ ಹೇಳಿಬಿಡುತ್ತೇನೆ.